ಮನೆ ಮುಂದಿನ ರಸ್ತೆಗೆ ಬಾಡಿಗೆ ಕಟ್ಟುತ್ತೇವೆ, ಪರ್ಮಿಟ್ ಕೊಡಿ

ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ, ನಗರದ ಸಂಚಾರ ಪೊಲೀಸರಿಗೆ, ಮತ್ತೆ ನಮ್ಮ ಪಿ.ಜೆ. ಬಡಾವಣೆಯ ಅಕ್ಕಪಕ್ಕದವರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ರಾಂ ಅಂಡ್ ಕೋ ಸರ್ಕಲ್ ಸುತ್ತಮುತ್ತಲಿನ ನಾಲ್ಕೈದು ಕ್ರಾಸ್‌ಗಳಲ್ಲಿ, ಆರು ತಿಂಗಳ ಮಟ್ಟಿಗೆ, ಅಲ್ಲೇ ವಾಸ ಇರುವವರ ಕಾರುಗಳಿಗೆ ಪಾರ್ಕಿಂಗ್ ಪರ್ಮಿಟ್ ಕೊಟ್ಟು ನೋಡಿ. ಪುಕ್ಕಟೆ ಬೇಡ. ದುಡ್ಡು ತಗೊಂಡೇ ಕೊಡಿ. ಈ ಕೊನೆಯ ಮಾತಿಗೆ ನಮ್ಮ ಬೀದಿಯಲ್ಲೇ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ, ಗೊತ್ತು. ಅದಕ್ಕೇ ಪತ್ರದ ಮೇಲೆ ಅವರ ಹೆಸರನ್ನೂ ಸೇರಿಸಿದ್ದೇನೆ.

ನಾನು ಈ ಬಡಾವಣೆಯ ಒಂದು ಕ್ರಾಸ್‌ನಲ್ಲಿ ಇರುವವನು. ಹಳೆ ಪಿ.ಬಿ. ರಸ್ತೆಯಲ್ಲಿ ಸಣ್ಣದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಹಗಲೆಲ್ಲ ಗಿರಾಕಿಗಳ ಗಾಡಿ ನಿಲ್ಲೋಕೆ ಜಾಗ ಸಿಕ್ಕರೆ ಸಾಕಪ್ಪಾ ಅಂದುಕೊಳ್ಳುವವನೂ ನಾನೇ, ರಾತ್ರಿ ಮನೆಗೆ ಬಂದು ಬಾಗಿಲ ಮುಂದೆ ಯಾರದೋ ಕಾರು ನೋಡಿ ಗೊಣಗುವವನೂ ನಾನೇ. ಎರಡೂ ಕಡೆಯ ಮಾತು ಗೊತ್ತಿರುವುದರಿಂದ ಬರೆಯೋ ಧೈರ್ಯ ಮಾಡಿದ್ದೇನೆ.

ನಮ್ಮ ಕ್ರಾಸ್ ಬೆಳಿಗ್ಗೆ ಎಂಟೂವರೆವರೆಗೆ ಮಾತ್ರ ನಮ್ಮದು. ಹೂವಿನವರು, ಹಾಲಿನವರು, ಸ್ಕೂಲ್ ವ್ಯಾನು ಬಂದು ಹೋಗುತ್ತವೆ. ಒಂಬತ್ತರ ಮೇಲೆ ಕ್ಲಿನಿಕ್ಕು, ಲ್ಯಾಬು, ಸ್ಕ್ಯಾನಿಂಗ್ ಸೆಂಟರು ಬಾಗಿಲು ತೆಗೆಯುತ್ತವೆ. ಅಲ್ಲಿಂದ ಶುರು. ಸುಮ್ನೆ ಗೇಟ್ ಹತ್ತಿರ ನಿಂತು ನಂಬರ್ ಪ್ಲೇಟ್ ಓದುತ್ತಾ ಹೋದರೆ ಸಾಕು, ಯಾವ ಯಾವ ಊರಿನ ರೋಗಿಗಳು ದಾವಣಗೆರೆ ನಂಬಿದ್ದಾರೆ ಅಂತ ತಿಳಿಯುತ್ತದೆ. ಕೆಎ 17 ನಮ್ಮದು, ಸರಿ. ಅದರ ಮಧ್ಯೆ ಕೆಎ 16 ಚಿತ್ರದುರ್ಗ, ಕೆಎ 27 ಹಾವೇರಿ, ಕೆಎ 35 ಹೊಸಪೇಟೆ, ಕೆಎ 68 ರಾಣೆಬೆನ್ನೂರು. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯವರಂತೂ ದಿನಾ ಇರುತ್ತಾರೆ.

ಇವರ ಮೇಲೆ ನನಗೆ ಕೋಪ ಇಲ್ಲ. ಕಾರಿನ ಹಿಂದಿನ ಸೀಟಲ್ಲಿ ವಯಸ್ಸಾದ ತಾಯಿಯನ್ನು ಮಲಗಿಸಿಕೊಂಡು ಬಂದ ಹುಡುಗ ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿ, "ಅಣ್ಣಾರೆ, ಎರಡೇ ನಿಮಿಷ ರೀ, ಅವ್ವನ್ನ ಒಳಗೆ ಕೂರಿಸಿ ಬಂದ್ಬಿಡ್ತೀನಿ" ಅಂದರೆ ಯಾರಿಗೆ ಇಲ್ಲ ಅನ್ನೋಕೆ ಬಾಯಿ ಬರುತ್ತದೆ? ಒಳಗೆ ಹೋದ ಮೇಲೆ ಡಾಕ್ಟರು ರಕ್ತ ಪರೀಕ್ಷೆಗೆ ಬರೆಯುತ್ತಾರೆ. ರಿಪೋರ್ಟ್ ನಾಲ್ಕು ಗಂಟೆಗೆ. ಅದನ್ನು ತೋರಿಸಿ ಮಾತ್ರೆ ತಗೊಂಡು ಹೊರಗೆ ಬರುವಾಗ ದೀಪ ಹಚ್ಚುವ ಹೊತ್ತು. ಆ ಹುಡುಗನ ತಪ್ಪೇನು? ಕಾರು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬಹುದು ಅಂತ ಅವನಿಗೆ ಹೇಳುವ ಒಂದು ಬೋರ್ಡೂ ನಮ್ಮ ಬೀದಿಯಲ್ಲಿ ಇಲ್ಲ.

ಇರುವ ಬೋರ್ಡೆಲ್ಲ ನಾವೇ ಬರೆಸಿ ಹಾಕಿಕೊಂಡದ್ದು. "ಗೇಟ್ ಮುಂದೆ ವಾಹನ ನಿಲ್ಲಿಸಿದರೆ ಗಾಳಿ ಬಿಡಲಾಗುವುದು." ಎಷ್ಟೋ ಮನೆಗಳಿಗೆ ಅದೇ ಒಕ್ಕಣೆ, ಫ್ಲೆಕ್ಸ್ ಅಂಗಡಿಯವರ ಹತ್ತಿರ ರೆಡಿ ಇರುತ್ತೋ ಏನೋ. ಗಾಳಿ ಬಿಡುವವರೂ ಇದ್ದಾರೆ. ವಾಲ್ವ್ ಪಿನ್ ಕಿತ್ತು ಚರಂಡಿಗೆ ಎಸೆಯುತ್ತಾರೆ. ಹೊಸ ಪಿನ್ ಕೇಳಿಕೊಂಡು ಆ ಗಾಡಿಯವರು ನನ್ನ ಅಂಗಡಿಗೇ ಬರುತ್ತಾರೆ ಅನ್ನೋದು ಬೇರೆ ಮಾತು. ಆ ವ್ಯಾಪಾರ ನನಗೆ ಬೇಡ.

ಆಮೇಲೆ ಪೇಂಟ್ ಡಬ್ಬ. ಇಪ್ಪತ್ತು ಲೀಟರಿನ ಖಾಲಿ ಡಬ್ಬಕ್ಕೆ ಕಾಂಕ್ರೀಟ್ ತುಂಬಿ, ನಡುವೆ ಪೈಪ್ ನೆಟ್ಟು, ಪೈಪಿಗೆ ಕೆಂಪು ಟೇಪ್ ಸುತ್ತಿದರೆ ಸೊಗಸಾದ ಅಡ್ಡಗಂಬ. ಡಬ್ಬದ ಹಿಡಿ ಮಾತ್ರ ಹಾಗೇ ಬಿಟ್ಟಿರುತ್ತಾರೆ, ತಮ್ಮ ಕಾರು ಬಂದಾಗ ಎಳೆದು ಪಕ್ಕಕ್ಕಿಡೋಕೆ. ಡಬ್ಬ ಇಲ್ಲದವರು ಹೂಕುಂಡ ಇಡುತ್ತಾರೆ, ಸೈಜುಗಲ್ಲು ಇಡುತ್ತಾರೆ. ಹಳೇ ಲೂನಾ ಮೊಪೆಡ್ ಒಂದನ್ನು ವರ್ಷಗಟ್ಟಲೆ ಚೈನ್ ಹಾಕಿ ನಿಲ್ಲಿಸಿದವರೂ ಇದ್ದಾರೆ. ಆ ಲೂನಾ ಓಡುವುದಿಲ್ಲ. ಜಾಗ ಹಿಡಿಯುವುದೇ ಅದರ ಕೆಲಸ.

ಇದರ ಜೊತೆಗೆ ಕವರ್ ಹೊದ್ದ ಕಾರುಗಳು. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಕಾರು ಇಲ್ಲಿ ರಸ್ತೆ ಮೇಲೆ, ಕವರಿನ ಮೇಲೆ ಎಲೆ, ಕವರಿನ ಕೆಳಗೆ ಬೆಕ್ಕಿನ ಮರಿ. ಹತ್ತು ಗಂಟೆಗಿಂತ ಜಾಸ್ತಿ ಹೊತ್ತು ದಿಕ್ಕಿಲ್ಲದೆ ಸಾರ್ವಜನಿಕ ಜಾಗದಲ್ಲಿ ಬಿಟ್ಟ ಗಾಡಿಯನ್ನು ಪೊಲೀಸರು ಎತ್ತಿಸಬಹುದು ಅಂತ 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಹೇಳುತ್ತದೆ. ಹತ್ತು ಗಂಟೆ! ನಮ್ಮಲ್ಲಿ ಕೆಲವು ಕಾರುಗಳು ಹಬ್ಬದಿಂದ ಹಬ್ಬಕ್ಕೆ ಜಾಗ ಬಿಟ್ಟು ಅಲ್ಲಾಡುವುದಿಲ್ಲ.

ಇನ್ನು ಅಳತೆಯ ಮಾತು. ಕಾಗದದ ಮೇಲೆ 30 ಅಡಿ ರಸ್ತೆ ಅಂದುಕೊಳ್ಳಿ. ಎರಡು ಕಡೆ ಚರಂಡಿ, ಚರಂಡಿ ದಾಟಿ ರಸ್ತೆಗೆ ಇಳಿದ ರ‍್ಯಾಂಪು, ಕರೆಂಟ್ ಕಂಬ, ಕಟ್ಟೆ ಎಲ್ಲ ಕಳೆದರೆ ಗಾಡಿ ಓಡೋಕೆ ಉಳಿಯುವುದು 20 ಅಡಿ ಆಸುಪಾಸು. ಒಂದು ಕಾರು ಕನ್ನಡಿ ಸೇರಿ 6 ಅಡಿ ಅಗಲ ಹಿಡಿಯುತ್ತದೆ. ಎರಡೂ ಕಡೆ ನಿಂತರೆ 12 ಅಡಿ ಹೋಯಿತು. ಉಳಿದ 8 ಅಡಿಯಲ್ಲಿ ಫೈರ್ ಎಂಜಿನ್ ಬರಬೇಕು. ಅದರ ಮೈ ಅಗಲವೇ ಹತ್ತಿರ ಹತ್ತಿರ 8 ಅಡಿ. ಇಷ್ಟು ಆಸ್ಪತ್ರೆ ಇರುವ ಬಡಾವಣೆಯಲ್ಲಿ ಆಂಬುಲೆನ್ಸ್ ರಿವರ್ಸ್ ತಗೊಂಡು ಮುಖ್ಯರಸ್ತೆಗೆ ವಾಪಸ್ ಹೋಗುವುದನ್ನು ನೋಡಿದವರು ನಾನೊಬ್ಬನೇ ಅಲ್ಲ. ಕಸದ ಗಾಡಿಯಂತೂ ಕೆಲವು ಬೆಳಿಗ್ಗೆ ಕ್ರಾಸಿನ ತುದಿಯಲ್ಲೇ ನಿಂತು ಹಾಡು ಹಾಕುತ್ತದೆ. ನಾವು ಬಕೆಟ್ ಹಿಡಿದು ಅಲ್ಲಿಗೇ ಹೋಗಬೇಕು.

ಅಕ್ಕಪಕ್ಕದವರೇ, ಈಗ ನಿಮಗೆ. ಕಾಂಪೌಂಡಿನ ಆಚೆ ಇರುವ ಜಾಗ ನಮ್ಮದಲ್ಲ. ನಾವು ಕಂದಾಯ ಕಟ್ಟುವುದು ಸೈಟಿಗೆ, ಮನೆಗೆ. ಮನೆ ಮುಂದಿನ ಡಾಂಬರು ಊರಿನದು. ಗೇಟಿಗೆ ಅಡ್ಡ ನಿಲ್ಲಿಸಬಾರದು ಅನ್ನೋದು ನ್ಯಾಯ, ಅದಕ್ಕೆ ಕಾನೂನೂ ಇದೆ. ಗೇಟಿನ ಆಚೆ ಈಚೆ ಗೋಡೆಯುದ್ದಕ್ಕೂ ನಮ್ಮದೇ ಅನ್ನೋಕೆ ಯಾವ ಪತ್ರವೂ ಇಲ್ಲ. ಹಾಗಾಗಿ ಪರ್ಮಿಟ್ ಅಂದ ಕೂಡಲೇ ನಮ್ಮ ಗೋಡೆ ಪಕ್ಕದ ಜಾಗಕ್ಕೆ ಸರ್ಕಾರದ ಮೊಹರು ಬೀಳುತ್ತದೆ ಅಂತ ಯಾರೂ ಕುಣಿಯಬೇಡಿ. ಪರ್ಮಿಟ್ ಸಿಗುವುದು ಇಡೀ ಬೀದಿಗೆ ಅಥವಾ ಮೂರ್ನಾಲ್ಕು ಕ್ರಾಸ್ ಸೇರಿದ ಒಂದು ವಲಯಕ್ಕೆ. ಅವತ್ತು ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಲ್ಲಿಸಬೇಕು. ಎದುರು ಮನೆಯವರ ಕಾರು ನಿಮ್ಮ ಗೋಡೆ ಪಕ್ಕ, ನಿಮ್ಮದು ಪಕ್ಕದ ಕ್ರಾಸಲ್ಲಿ ನಿಂತರೆ ಬೈಯೋ ಹಾಗಿಲ್ಲ.

ಬೇರೆ ಊರುಗಳಲ್ಲಿ ಇದು ಹೇಗೆ ಶುರುವಾಯಿತು ಅಂತ ನೋಡಿದರೆ ನಮ್ಮ ಕಥೆಯನ್ನೇ ಕೇಳಿದ ಹಾಗಾಗುತ್ತದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕ, ವರ್ಜೀನಿಯಾ ರಾಜ್ಯದಲ್ಲಿ ಆರ್ಲಿಂಗ್ಟನ್ ಅಂತ ಕೌಂಟಿ ಇದೆ, ನಮ್ಮ ಜಿಲ್ಲೆಯ ಥರದ್ದು. ಅಲ್ಲಿ ಕ್ರಿಸ್ಟಲ್ ಸಿಟಿ ಅನ್ನೋ ಕಡೆ ದೊಡ್ಡ ದೊಡ್ಡ ಆಫೀಸುಗಳು ಎದ್ದವು. ಆಫೀಸಿಗೆ ಬರುವವರು ಪಕ್ಕದ ಅರೋರಾ ಹೈಲ್ಯಾಂಡ್ಸ್ ಎಂಬ ವಾಸದ ಬಡಾವಣೆಯ ಬೀದಿಗಳಲ್ಲಿ ಕಾರು ಬಿಟ್ಟು ನಡೆದು ಹೋಗತೊಡಗಿದರು. ಬಡಾವಣೆಯವರ ಕೂಗಿಗೆ ಕೌಂಟಿಯವರು ಒಂದು ನಿಯಮ ಮಾಡಿದರು: ವಾರದ ಕೆಲಸದ ದಿನ, ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ, ಪರ್ಮಿಟ್ ಇದ್ದವರಷ್ಟೇ ಅಲ್ಲಿ ನಿಲ್ಲಿಸಬೇಕು. ಅಲ್ಲಿ ವಾಸ ಇರುವವರಿಗೆ, ಅವರ ಮನೆಗೆ ಕೆಲಸದ ಮೇಲೆ ಬರುವವರಿಗೆ, ಕೆಲವು ನೆಂಟರಿಷ್ಟರಿಗೆ ಪರ್ಮಿಟ್ ಸಿಗುತ್ತಿತ್ತು. ಆಫೀಸಿನವರು ಕೋರ್ಟಿಗೆ ಹೋದರು. ರಸ್ತೆ ಎಲ್ಲರದೂ ಅಲ್ವಾ, ಅಲ್ಲೇ ಇರುವವನಿಗೊಂದು ನ್ಯಾಯ ಹೊರಗಿನವನಿಗೊಂದು ನ್ಯಾಯ ಯಾಕೆ ಅನ್ನೋದು ಅವರ ವಾದ. ವರ್ಜೀನಿಯಾದ ಸುಪ್ರೀಂ ಕೋರ್ಟ್ ಅವರ ಪರ ನಿಂತು ನಿಯಮವನ್ನು ಹೊಡೆದು ಹಾಕಿತು. ಮೇಲ್ಮನವಿ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. 1977ರ ಅಕ್ಟೋಬರಿನಲ್ಲಿ ತೀರ್ಪು ತಿರುಗಿತು. ವಾಸದ ಬೀದಿಯಲ್ಲಿ ಗಲಾಟೆ, ಹೊಗೆ, ಗಾಡಿಗಳ ನುಗ್ಗಾಟ ಕಡಿಮೆ ಮಾಡೋದು ಸರಿಯಾದ ಉದ್ದೇಶ, ಅದಕ್ಕಾಗಿ ನಿವಾಸಿ ಮತ್ತು ಹೊರಗಿನವರ ನಡುವೆ ವ್ಯತ್ಯಾಸ ಮಾಡಿದರೆ ಸಮಾನತೆಗೆ ಭಂಗ ಇಲ್ಲ ಅಂತ ಆಯಿತು.

ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿ ಹಾಕುವುದಿಲ್ಲ, ಸರಿ. ಆದರೆ ವಾದ ಮಾತ್ರ ಅದೇ ಬರುತ್ತದೆ, ಬರೆದಿಟ್ಟುಕೊಳ್ಳಿ. ನಾಳೆ ನಮ್ಮಲ್ಲಿ ಪರ್ಮಿಟ್ ಬೋರ್ಡ್ ನೆಟ್ಟ ದಿನವೇ ಯಾರಾದರೂ "ರೋಡೇನ್ ನಿಮ್ಮಪ್ಪಂದಾ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಕಾಯ್ದೆಯಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ, ಗಾಡಿಗಳು ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು ಅನ್ನೋದನ್ನು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು, ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ಗೊತ್ತು ಮಾಡಬಹುದು. ಎಷ್ಟು ಹೊತ್ತು ಅನ್ನೋ ಮಾತು ಅದರಲ್ಲೇ ಇರುವುದು ನಮ್ಮ ಕೆಲಸಕ್ಕೆ ಬರುತ್ತದೆ.

ಯಾಕಂದ್ರೆ ತಾಯಿಯನ್ನು ಕರೆತಂದ ಆ ಹುಡುಗನನ್ನು ಹೊರಗೆ ಹಾಕೋದು ನಮಗೆ ಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ 1976ರಲ್ಲಿ ಪರ್ಮಿಟ್ ಪದ್ಧತಿ ತಂದಾಗ ಒಂದು ಒಳ್ಳೆ ದಾರಿ ಹಿಡಿಯಿತು. ಪರ್ಮಿಟ್ ಇಲ್ಲದವರೂ ನಿಲ್ಲಿಸಬಹುದು, ಹೆಚ್ಚಿನ ಬೀದಿಗಳಲ್ಲಿ ಎರಡು ಗಂಟೆ ಮಾತ್ರ. ಪರ್ಮಿಟ್ ಇದ್ದವರಿಗೆ ಆ ಮಿತಿ ಇಲ್ಲ. ಇದು ನಮಗೆ ಹೊಂದುತ್ತದೆ. ಡಾಕ್ಟರಿಗೆ ತೋರಿಸಿ ಹೋಗುವವರಿಗೆ ಎರಡು ಗಂಟೆ ಸಾಕು. ದಿನವಿಡೀ ಕಾಯಬೇಕಾದವರು ರೋಗಿಯನ್ನು ಇಳಿಸಿ ಕಾರನ್ನು ದೊಡ್ಡ ಪಾರ್ಕಿಂಗ್ ಜಾಗಕ್ಕೆ ಒಯ್ಯಬೇಕು. ಅಂಥ ಜಾಗ ಎಲ್ಲಿದೆ ಅಂತ ಕೇಳುತ್ತೀರಿ. ಅಲ್ಲಿಗೇ ಬರುತ್ತಿದ್ದೇನೆ.

ಜಾಗ ನೆಲದ ಕೆಳಗಿದೆ. ಸೆಲ್ಲಾರ್ ಅನ್ನುತ್ತೇವಲ್ಲ, ಅದು. ದೊಡ್ಡ ಕಟ್ಟಡದ ಪ್ಲಾನ್‌ನಲ್ಲಿ ಅದು ಪಾರ್ಕಿಂಗ್ ಅಂತಲೇ ಮಂಜೂರಾಗಿರುತ್ತದೆ. ಕಟ್ಟಿದ ಮೇಲೆ ಅಲ್ಲಿ ಮೆಡಿಕಲ್ ಶಾಪ್, ಲ್ಯಾಬ್, ಕ್ಯಾಂಟೀನ್, ಗೋಡೌನ್ ಏನೇನೋ ಆಗುತ್ತದೆ. ಇಳಿಜಾರಿಗೆ ಮೆಟ್ಟಿಲು ಕಟ್ಟಿದ ಮೇಲೆ ಕಾರು ಇಳಿಯೋದು ಹೇಗೆ? ಇದು ನಮ್ಮ ಬಡಾವಣೆಯ ಒಂದೆರಡು ಕಟ್ಟಡದ ಕಥೆಯಲ್ಲ, ಕರ್ನಾಟಕದ ಯಾವ ಊರಿಗೆ ಹೋದರೂ ಕಾಣುವುದೇ. ಯಾರ ಹೆಸರನ್ನೂ ನಾನು ಹೇಳುವುದಿಲ್ಲ. ಪಾಲಿಕೆಯ ಕಪಾಟಿನಲ್ಲಿ ಪ್ಲಾನ್ ಇರುತ್ತದೆ. ಪ್ಲಾನ್ ಕೈಯಲ್ಲಿ ಹಿಡಿದು ಒಂದು ಬೆಳಿಗ್ಗೆ ನಡೆದು ಬಂದರೆ ಎಲ್ಲ ತಿಳಿಯುತ್ತದೆ. ಪರ್ಮಿಟ್ ಕೊಡುವ ಮೊದಲು, ಅಥವಾ ಕೊನೇಪಕ್ಷ ಅದರ ಜೊತೆಜೊತೆಗೇ, ಆ ಸೆಲ್ಲಾರ್‌ಗಳು ಕಾರಿಗೆ ವಾಪಸ್ ಸಿಗಬೇಕು. ಇಲ್ಲದಿದ್ದರೆ ಹೊರಗಿನಿಂದ ಬರುವ ರೋಗಿಗಳಿಗೆ ನಾವು ಬಾಗಿಲು ಹಾಕಿದ ಹಾಗಾಗುತ್ತದೆ. ಆ ಪಾಪ ನಮಗೆ ಬೇಡ. ಮನೆಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಕಾರ್ ಶೆಡ್ಡನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟು, ಕಾರನ್ನು ಬೀದಿಗೆ ಬಿಟ್ಟವರು ಪರ್ಮಿಟ್ ಸಾಲಿನಲ್ಲಿ ಕೊನೆಗೆ ನಿಲ್ಲಲಿ.

ಇನ್ನು ದುಡ್ಡಿನ ವಿಷಯ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಒಂದು ಮಾತಿದೆ. ಪಾರ್ಕಿಂಗ್ ಶುಲ್ಕ ಗಾಡಿ ಹಿಡಿದಿರುವ ನೆಲದ ಬೆಲೆಗೆ ತಕ್ಕ ಹಾಗಿರಬೇಕು ಅಂತ. ಬೆಂಗಳೂರಿಗಾಗಿ ನಗರ ಭೂ ಸಾರಿಗೆ ನಿರ್ದೇಶನಾಲಯ ಮಾಡಿದ ಪಾರ್ಕಿಂಗ್ ನೀತಿ 2.0 ಇನ್ನೂ ಸ್ಪಷ್ಟವಾಗಿ ಹೇಳಿತು. ಮನೆ ಹತ್ತಿರ ರಸ್ತೆ ಮೇಲೆ ನಿಲ್ಲಿಸುವ ನಿವಾಸಿಗಳಿಗೆ ವರ್ಷದ ಪರ್ಮಿಟ್. ಸಣ್ಣ ಕಾರಿಗೆ 1,000 ರೂಪಾಯಿ, ಮಧ್ಯಮ ಕಾರಿಗೆ 3,000ದಿಂದ 4,000, ದೊಡ್ಡ ಎಸ್‌ಯುವಿಗಳಿಗೆ 5,000. 2021ರಲ್ಲಿ ಇದು ಪತ್ರಿಕೆಯಲ್ಲಿ ಬಂದಾಗ ಬೆಂಗಳೂರಿನವರು ಬೊಬ್ಬೆ ಹೊಡೆದದ್ದು ನೆನಪಿರಬಹುದು. ನಾನು ಆಗ ಲೆಕ್ಕ ಹಾಕಿದೆ. ವರ್ಷಕ್ಕೆ 1,000 ಅಂದರೆ ದಿನಕ್ಕೆ ಮೂರು ರೂಪಾಯಿಗೂ ಕಮ್ಮಿ. ನಮ್ಮೂರಲ್ಲಿ ಒಂದು ಬೆಣ್ಣೆ ದೋಸೆಯ ದುಡ್ಡಿಗೆ ವಾರಗಟ್ಟಲೆ ಕಾರು ನಿಲ್ಲಿಸಿದ ಹಾಗೆ.

ಒಂದು ಕಾರು ನಿಲ್ಲೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬಿಡುತ್ತಾರೆ. ಹನ್ನೆರಡೂವರೆ ಚದರ ಮೀಟರ್, ಅಂದರೆ ಸುಮಾರು 134 ಚದರ ಅಡಿ. ರಾಂ ಅಂಡ್ ಕೋ ಸರ್ಕಲ್ ಹತ್ತಿರ 134 ಚದರ ಅಡಿಯ ಮಳಿಗೆ ಬಾಡಿಗೆಗೆ ಕೇಳಿ ನೋಡಿ. ಹೇಳಿದ ಅಡ್ವಾನ್ಸ್ ಕೇಳಿ ಕುರ್ಚಿ ಹಿಡಿದು ಕೂರುತ್ತೀರಿ. ಅಷ್ಟೇ ಜಾಗವನ್ನು ನಾವು ಕಾರಿಗೆ ಪುಕ್ಕಟೆ ಬಳಸುತ್ತಿದ್ದೇವೆ. ಬಳಸುವವರೂ ಯಾರು? ಕಾರು ಇರುವವರು. ಬೀದಿಯಲ್ಲಿ ಕಾರಿಲ್ಲದ ಮನೆಗಳೂ ಇವೆ. ಅವರ ಮಕ್ಕಳು ಕಾರುಗಳ ಸಂದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಪುಕ್ಕಟೆ ಸ್ಟಿಕ್ಕರ್ ಹಂಚಿದರೆ ಆ ಮನೆಗಳ ಪಾಲನ್ನೂ ಕಾರಿನವರಿಗೇ ಬರೆದುಕೊಟ್ಟಂತೆ. ಅದಕ್ಕೇ ನಾನು ದುಡ್ಡು ತಗೊಳ್ಳಿ ಅನ್ನೋದು.

ಒಂದು ಮನೆಗೆ ಒಂದೇ ಪರ್ಮಿಟ್ ಸಾಕು. ಕೂಡು ಕುಟುಂಬ, ಅಣ್ಣತಮ್ಮಂದಿರಿಗೆ ಒಂದೊಂದು ಕಾರು ಇದೆ ಅಂತ ವಾದ ಬರುತ್ತದೆ. ಬೇಕಿದ್ದರೆ ಎರಡನೆಯದಕ್ಕೆ ಮೂರು ಪಟ್ಟು ಹಾಕಿ, ಮೂರನೆಯದಕ್ಕೆ ಕೊಡಲೇಬೇಡಿ. ಬೀದಿಯಲ್ಲಿ ಎಷ್ಟು ಕಾರಿಗೆ ಜಾಗ ಇದೆ ಅಂತ ಮೊದಲು ಎಣಿಸಿ, ಅದಕ್ಕಿಂತ ತುಸು ಕಮ್ಮಿ ಪರ್ಮಿಟ್ ಅಚ್ಚು ಹಾಕಿಸಿ. ಜಾಗಕ್ಕಿಂತ ಜಾಸ್ತಿ ಪರ್ಮಿಟ್ ಹಂಚಿ, ದುಡ್ಡು ಕಟ್ಟಿದವನು ರಾತ್ರಿ ಜಾಗ ಹುಡುಕಿಕೊಂಡು ಸುತ್ತುವ ಹಾಗೆ ಆದದ್ದು ಎಷ್ಟೋ ಊರುಗಳಲ್ಲಿ ಇದೆ. ಆಮ್‌ಸ್ಟರ್‌ಡ್ಯಾಮ್ ನಗರ ಇನ್ನೂ ಮುಂದೆ ಹೋಗಿ, ವರ್ಷಕ್ಕೆ ಸುಮಾರು 1,500 ಪರ್ಮಿಟ್ ಕಡಿಮೆ ಮಾಡುತ್ತಾ ಹೋಗುವ ಯೋಜನೆಯನ್ನೇ 2019ರಲ್ಲಿ ಹಾಕಿಕೊಂಡಿತು. ಜಪಾನಿನಲ್ಲಂತೂ 1962ರಿಂದ ಕಾನೂನೇ ಇದೆ. ಕಾರು ಕೊಳ್ಳುವ ಮೊದಲು ಮನೆಯಿಂದ 2 ಕಿಲೋಮೀಟರ್ ಒಳಗೆ ನಿಲ್ಲಿಸೋಕೆ ರಸ್ತೆ ಬಿಟ್ಟು ಬೇರೆ ಜಾಗ ಇದೆ ಅಂತ ತೋರಿಸಿ, ಪೊಲೀಸ್ ಠಾಣೆಯಿಂದ ಸರ್ಟಿಫಿಕೇಟ್ ತರಬೇಕು. ನಮ್ಮಲ್ಲಿ ಈಗಲೇ ಅಷ್ಟು ಕೇಳಿದರೆ ಶೋರೂಮಿನವರೆಲ್ಲ ಗಾಂಧಿ ಸರ್ಕಲ್‌ನಲ್ಲಿ ಧರಣಿ ಕೂರುತ್ತಾರೆ. ನಾನೂ ಕೂರಬೇಕಾದೀತು, ಕಾರು ಕಮ್ಮಿ ಆದರೆ ನನ್ನ ಅಂಗಡಿಗೂ ಹೊಡೆತವೇ.

ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದು ಇದಕ್ಕಿಂತ ದೊಡ್ಡ ಪ್ರಶ್ನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಡೊನಾಲ್ಡ್ ಶೂಪ್ ಅಂತ ಪ್ರೊಫೆಸರ್ ಇದ್ದರು, 2025ರಲ್ಲಿ ತೀರಿಕೊಂಡರು. ಜೀವಮಾನವೆಲ್ಲ ಪಾರ್ಕಿಂಗ್ ಬಗ್ಗೆಯೇ ತಲೆ ಕೆಡಿಸಿಕೊಂಡವರು. ಅವರು ಮತ್ತೆ ಮತ್ತೆ ತೋರಿಸುತ್ತಿದ್ದ ಉದಾಹರಣೆ ಅದೇ ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನ ಹಳೇ ಪೇಟೆಯದು. ಅಲ್ಲಿ ಪಾರ್ಕಿಂಗ್ ಮೀಟರ್, ಅಂದರೆ ಗಾಡಿ ನಿಲ್ಲಿಸಿದ ಹೊತ್ತಿಗೆ ದುಡ್ಡು ತಗೊಳ್ಳುವ ಯಂತ್ರ, ಹಾಕುತ್ತೇವೆ ಅಂದಾಗ ಅಂಗಡಿಯವರು ಗಿರಾಕಿ ಓಡಿಹೋಗುತ್ತಾರೆ ಅಂತ ಹೆದರಿ ಒಪ್ಪಲಿಲ್ಲ. ಮೀಟರಿನ ದುಡ್ಡೆಲ್ಲ ನಿಮ್ಮ ಪೇಟೆಗೇ ಖರ್ಚು ಮಾಡುತ್ತೇವೆ ಅಂತ ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂತು, ಆ ದುಡ್ಡಲ್ಲಿ ಫುಟ್‌ಪಾತು, ಬೀದಿ ದೀಪ, ಗಿಡಮರ, ಸ್ವಚ್ಛತೆ ಎಲ್ಲ ಆಯಿತು. ಗಿರಾಕಿ ಓಡಿಹೋಗಲಿಲ್ಲ. ಮಾನ್ಯ ಆಯುಕ್ತರೇ, ನಮ್ಮ ಜನಕ್ಕೂ ಇದೇ ಭರವಸೆ ಬೇಕು. ಪರ್ಮಿಟ್ಟಿನ ದುಡ್ಡು ದೊಡ್ಡ ಖಾತೆಯಲ್ಲಿ ಕರಗಿಹೋದರೆ ಎರಡನೇ ವರ್ಷ ಯಾರೂ ಕಟ್ಟುವುದಿಲ್ಲ. ಅದೇ ಕ್ರಾಸಿನ ಚರಂಡಿ ಮೇಲಿನ ಒಡೆದ ಚಪ್ಪಡಿ ಬದಲಾದರೆ ತಕರಾರಿಲ್ಲದೆ ಕಟ್ಟುತ್ತಾರೆ.

ಬಾಡಿಗೆದಾರರ ವಿಷಯ ಮರೆಯಬೇಡಿ. ಪರ್ಮಿಟ್ಟಿಗೆ ಮನೆ ಮಾಲೀಕರ ಒಪ್ಪಿಗೆ ಪತ್ರ ತನ್ನಿ ಅಂದರೆ ಕೆಲಸ ಕೆಟ್ಟಿತು. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿ ಇರುತ್ತದೆ, ಎಷ್ಟೋ ಕಡೆ ಅಗ್ರಿಮೆಂಟೂ ಇರುವುದಿಲ್ಲ. ಕೆಲವು ಮಾಲೀಕರು ಪತ್ರ ಕೊಡೋಕೂ ಬಾಡಿಗೆ ಏರಿಸುತ್ತಾರೆ. ಬ್ಯಾಂಕಿಗೋ ಕಾಲೇಜಿಗೋ ವರ್ಗ ಆಗಿ ಬಂದವರ ಕಾರಿನ ಆರ್‌ಸಿ ಮೇಲೆ ಬೇರೆ ಜಿಲ್ಲೆಯ ವಿಳಾಸ ಇರುತ್ತದೆ. ಕೆಎ 27 ಅಂತ ಇದ್ದ ಮಾತ್ರಕ್ಕೆ ಹೊರಗಿನವರು ಅಲ್ಲ. ಗ್ಯಾಸ್ ಪುಸ್ತಕ, ಮತದಾರರ ಚೀಟಿ, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಯಾವುದಾದರೂ ಒಂದು ನೋಡಿ. ಅನುಮಾನ ಬಂದರೆ ಬೀಟ್ ಪೊಲೀಸರು ಅಕ್ಕಪಕ್ಕ ಒಂದು ಮಾತು ಕೇಳಲಿ.

ನೆಂಟರಿಗೆ ಏನು ಮಾಡೋದು? ಲಂಡನ್ನಿನ ಬರೋಗಳಲ್ಲಿ, ಅಂದರೆ ಆ ನಗರದ ಒಳಗಿನ ಸ್ಥಳೀಯ ಆಡಳಿತಗಳಲ್ಲಿ, ಸ್ಕ್ರ್ಯಾಚ್ ಕಾರ್ಡ್ ಕೊಡುತ್ತಿದ್ದರು. ನೆಂಟರು ಬಂದ ದಿನ ತಾರೀಖು ಕೆರೆದು ಕಾರಿನ ಗಾಜಿನ ಒಳಗೆ ಇಡೋದು. ಈಗ ಹೆಚ್ಚಿನ ಕಡೆ ಮೊಬೈಲಲ್ಲೇ ಆಗುತ್ತದೆ. ನಮ್ಮಲ್ಲಿ ಮನೆಗೆ ವರ್ಷಕ್ಕೆ ಇಷ್ಟು ಅಂತ ಚೀಟಿ ಕೊಟ್ಟರೆ ಸಾಕು. ಮದುವೆ, ತಿಥಿ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಇಂಥ ದಿನ ಪೂರ್ತಿ ಸಡಿಲ ಬಿಡಿ. ಜಾತ್ರೆಗೆ ಬಂದ ಬೀಗರ ಕಾರಿಗೆ ದಂಡ ಹಾಕಿಸಿಕೊಂಡು ದಾವಣಗೆರೆಯಲ್ಲಿ ಯಾರೂ ಬಾಳೋಕಾಗಲ್ಲ.

ಸಂಜೆ ಹೊತ್ತಿಗೆ ಬೇರೆ ಲೆಕ್ಕ. ಸರ್ಕಲ್ ಹತ್ತಿರ ತಿಂಡಿ ಗಾಡಿಗಳಿಗೆ ಊರೇ ಬರುತ್ತದೆ. ಮಿರ್ಚಿ ಮಂಡಕ್ಕಿ ತಿನ್ನೋಕೆ ಬಂದವರನ್ನು ಓಡಿಸಿ ಬದುಕುವ ಬಡಾವಣೆ ನಮ್ಮದಾಗಬಾರದು. ಅವರು ಬರುವುದು ಹೆಚ್ಚಾಗಿ ಬೈಕಿನಲ್ಲಿ, ನಿಲ್ಲುವುದು ಅರ್ಧ ಮುಕ್ಕಾಲು ಗಂಟೆ. ಎರಡು ಗಂಟೆಯ ನಿಯಮದಲ್ಲೇ ಅವರೂ ಬಂದರು. ದ್ವಿಚಕ್ರ ವಾಹನಗಳನ್ನು ಪರ್ಮಿಟ್ಟಿನಿಂದ ಹೊರಗಿಟ್ಟು, ಕ್ರಾಸಿನ ತುದಿಯಲ್ಲಿ ಗೆರೆ ಎಳೆದು ಜಾಗ ಕೊಟ್ಟರೆ ಮುಗಿಯಿತು.

ಈ ಪದ್ಧತಿ ಎಲ್ಲ ಕಡೆಗೂ ಅಲ್ಲ ಅನ್ನೋದನ್ನೂ ಹೇಳಬೇಕು. ಮಂಡಿಪೇಟೆ, ಚೌಕಿಪೇಟೆಗೆ ಇದನ್ನು ಒಯ್ದರೆ ನಡೆಯುವುದಿಲ್ಲ. ಅಲ್ಲಿ ಗೂಡ್ಸ್ ಆಟೋ, ಲಾರಿ, ಹಮಾಲರು, ಲೋಡು ಇಳಿಸೋದು, ಅದರ ಗಡಿಬಿಡಿಯೇ ಬೇರೆ. ಅಲ್ಲಿಗೆ ಲೋಡಿಂಗ್ ಸಮಯ ಗೊತ್ತು ಮಾಡೋದು ಬೇಕು, ನಿವಾಸಿ ಪರ್ಮಿಟ್ ಅಲ್ಲ. ಹಾಗೇ ನಮ್ಮ ನಾಲ್ಕು ಕ್ರಾಸಿಗೆ ಮಾತ್ರ ಕಟ್ಟು ಹಾಕಿದರೆ ಕಾರುಗಳು ಐದನೇ ಕ್ರಾಸಿಗೆ ಹೋಗುತ್ತವೆ. ಹೋಗೇ ಹೋಗುತ್ತವೆ. ಪರ್ಮಿಟ್ ತಂದ ಎಲ್ಲ ಊರಿನಲ್ಲೂ ಗಡಿಯ ಆಚೆಗಿನವರು ಮೊದಲು ಬೈದು, ಆಮೇಲೆ ನಮಗೂ ಕೊಡಿ ಅಂತ ಅರ್ಜಿ ಹಾಕಿದ್ದಾರೆ. ಅದಕ್ಕೇ ಶುರುವಿನಲ್ಲೇ ಸುತ್ತಲಿನ ಕ್ರಾಸ್‌ಗಳ ಕಾರು ಎಣಿಸಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಮತ್ತೆ ಎಣಿಸಿದರೆ ಎಷ್ಟು ಹೊರೆ ಎಲ್ಲಿಗೆ ಸರಿಯಿತು ಅಂತ ಕಾಣುತ್ತದೆ.

ದೊಡ್ಡ ಯಂತ್ರ, ಸೆನ್ಸರ್, ಆ್ಯಪ್ ಏನೂ ಬೇಡ. ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ 2016ರ ಜನವರಿಯಲ್ಲೇ ನಮ್ಮೂರ ಹೆಸರು ಬಂದಿದ್ದರಿಂದ, ಏನು ಮಾಡಿದರೂ ಟೆಂಡರ್ ಕರೆದು ಕಂಬ ನೆಟ್ಟೇ ಮಾಡಬೇಕು ಅನ್ನೋ ಅಭ್ಯಾಸ ಆಗಿಬಿಟ್ಟಿದೆ. ಇಲ್ಲಿ ಬೇಕಾದ್ದು ಗಾಡಿ ನಂಬರ್ ಬರೆದ ಒಂದು ಸ್ಟಿಕ್ಕರ್, ವಲಯದ ಹೆಸರಿನ ಬೋರ್ಡ್, ಬಿಳಿ ಬಣ್ಣದ ಗೆರೆ, ದಿನಕ್ಕೆ ಎರಡು ಸಲ ಪಟ್ಟಿ ಹಿಡಿದು ಓಡಾಡುವ ಒಬ್ಬ ಮನುಷ್ಯ. ರಸ್ತೆಯ ಒಂದೇ ಬದಿಗೆ ಗೆರೆ ಎಳೆಯಿರಿ, ಇನ್ನೊಂದು ಬದಿ ಖಾಲಿ ಇರಲಿ. ದಿನ ಬಿಟ್ಟು ದಿನ ಬದಿ ಬದಲಾಯಿಸುವ ಪದ್ಧತಿ ನಮ್ಮ ರಾಜ್ಯದ ಎಷ್ಟೋ ಪೇಟೆಗಳಲ್ಲಿ ಇದೆ, ಜನಕ್ಕೆ ಗೊತ್ತಿರುವುದೇ. ಮತ್ತೆ ಸಂಚಾರ ಪೊಲೀಸರಲ್ಲಿ ಒಂದು ವಿನಂತಿ. ದಂಡ ಹಾಕುವ ಮೊದಲು ನಮ್ಮ ಪೇಂಟ್ ಡಬ್ಬ, ಕಲ್ಲು, ಲೂನಾ ಎತ್ತಿಸಿ. ಪರ್ಮಿಟ್ ಸಿಕ್ಕ ಮನೆಯ ಮುಂದೆ ಮತ್ತೆ ಡಬ್ಬ ಕಂಡರೆ ಪರ್ಮಿಟ್ ರದ್ದು ಅಂತ ಮೊದಲೇ ಬರೆದುಬಿಡಿ. ಅಷ್ಟು ಬಿಗಿ ಇಲ್ಲದಿದ್ದರೆ ಪರ್ಮಿಟ್ಟೂ ಇರುತ್ತದೆ, ಡಬ್ಬವೂ ಇರುತ್ತದೆ.

ಗಾಜಿಗೆ ಪ್ರೆಸ್, ಪೊಲೀಸ್, ಅಡ್ವೊಕೇಟ್, ಡಾಕ್ಟರ್ ಅಂತ ಅಂಟಿಸಿಕೊಂಡ ಗಾಡಿಗಳಿಗೂ ಇದೇ ನಿಯಮ ಇರಲಿ. ಒಂದು ಗಾಡಿಗೆ ವಿನಾಯಿತಿ ಕೊಟ್ಟರೆ ಮರುದಿನ ಸ್ಟಿಕ್ಕರ್ ಅಂಗಡಿ ಮುಂದೆ ಕ್ಯೂ ಇರುತ್ತದೆ. ಆಂಬುಲೆನ್ಸ್, ಅಂಗವಿಕಲರ ವಾಹನ, ಕಸದ ಗಾಡಿ, ಇವಿಷ್ಟು ಬಿಟ್ಟು ಇನ್ಯಾರಿಗೂ ರಿಯಾಯಿತಿ ಬೇಡ.

ಮೊದಲ ಹೆಜ್ಜೆಗೆ ಸಭೆ, ಸಮಿತಿ ಕಾಯಬೇಕಿಲ್ಲ. ಕ್ಲಿನಿಕ್ಕುಗಳಿಗೆ ರಜೆ ಇರುವ ಒಂದು ಭಾನುವಾರ ಬೆಳಿಗ್ಗೆ ಪಾಲಿಕೆಯ ಒಬ್ಬ ಎಂಜಿನಿಯರ್, ಸಂಚಾರ ಠಾಣೆಯ ಒಬ್ಬರು ಟೇಪ್ ಹಿಡಿದುಕೊಂಡು ಬನ್ನಿ. ಬೀದಿಯ ಕಡೆಯಿಂದ ನಾವು ಕೆಲವರು ಜೊತೆಗೆ ಬರುತ್ತೇವೆ. ಅಗಲ ಅಳೆಯೋಣ, ಗೇಟುಗಳನ್ನು ಎಣಿಸೋಣ, ಒಂದು ಬದಿಯಲ್ಲಿ ಎಷ್ಟು ಕಾರು ಹಿಡಿಯುತ್ತದೆ ಅಂತ ಸುಣ್ಣದಲ್ಲಿ ಗುರುತು ಹಾಕೋಣ. ಅದೇ ವಾರ ಅರ್ಜಿ ನಮೂನೆ ಅಚ್ಚಾದರೆ, ನಮ್ಮ ಮನೆಯ ಕಾರಿಗೆ ಒಂದು ವರ್ಷದ ಶುಲ್ಕ ಕಟ್ಟಿ ರಸೀದಿ ಪಡೆಯೋಕೆ ನಾನು ತಯಾರಿದ್ದೇನೆ. ಮಗನ ಕಾರನ್ನು ಅಂಗಡಿ ಹಿಂದಿನ ಖಾಲಿ ಜಾಗಕ್ಕೆ ಸಾಗಿಸುವ ಏರ್ಪಾಡೂ ಆಗಿದೆ, ಅವನಿಗೆ ಇನ್ನೂ ಹೇಳಿಲ್ಲ ಅಷ್ಟೇ.

ಇಂತಿ ನಿಮ್ಮ ವಿಶ್ವಾಸಿ,
ಪಿ.ಜೆ. ಬಡಾವಣೆಯ ಒಬ್ಬ ನಿವಾಸಿ,
ದಾವಣಗೆರೆ